ಚಂಬಾ: ರಾವಿ ಕಣಿವೆಯ ಮರ, ಹಿತ್ತಾಳೆ, ರೇಷ್ಮೆ

ಹಿಮಾಚಲ ಪ್ರದೇಶದ ವಾಯವ್ಯ ಮೂಲೆಯಲ್ಲಿರುವ ಚಂಬಾ ಜಿಲ್ಲೆಯ ದಕ್ಷಿಣಕ್ಕೆ ಧೌಲಾಧಾರ್ ಶ್ರೇಣಿ, ಉತ್ತರಕ್ಕೆ ಪೀರ್ ಪಂಜಾಲ್. ನಡುವೆ ರಾವಿ ನದಿ ಆಳವಾದ ಕಣಿವೆ ಕೊರೆದು ಹರಿಯುತ್ತದೆ. ಬಯಲುಸೀಮೆಯ ಸೈನ್ಯಗಳಿಗೆ ಈ ಬೆಟ್ಟಗಳನ್ನು ದಾಟಿ ಬರುವುದು ಸುಲಭವಿರಲಿಲ್ಲ. ಒಂದೇ ರಾಜವಂಶ ಸಾವಿರಕ್ಕೂ ಹೆಚ್ಚು ವರ್ಷ ಇಲ್ಲಿ ಆಳಿತು. 1948ರಲ್ಲಿ ಸಂಸ್ಥಾನ ಹಿಮಾಚಲದಲ್ಲಿ ಸೇರಿತು. ಬೇರೆಡೆ ಸುಟ್ಟೋ ಕೊಳೆತೋ ಹೋಗಿರುವ ಮರದ ಗುಡಿಗಳು ಇಲ್ಲಿ ಇನ್ನೂ ನಿಂತಿರುವುದಕ್ಕೆ, ಅವುಗಳೊಳಗಿನ ಲೋಹದ ವಿಗ್ರಹಗಳಿಗೆ ಇಂದಿಗೂ ಪೂಜೆ ನಡೆಯುತ್ತಿರುವುದಕ್ಕೆ ಈ ದುರ್ಗಮತೆ ಮತ್ತು ಒಂದೇ ವಂಶದ ದೀರ್ಘ ಆಳ್ವಿಕೆಯೇ ಮುಖ್ಯ ಕಾರಣ. ಶಿಮ್ಲಾ, ಮನಾಲಿಗಳಿಗೆ ಹೋಗುವ ಪ್ರವಾಸಿಗರಲ್ಲಿ ಸಣ್ಣದೊಂದು ಪಾಲು ಮಾತ್ರ ಇತ್ತ ಬರುತ್ತದೆ. ಪರಂಪರೆಯ ದೃಷ್ಟಿಯಿಂದ ನೋಡಿದರೆ ಚಂಬಾ ಅವೆರಡಕ್ಕಿಂತ ಎಷ್ಟೋ ಶ್ರೀಮಂತ.

ಪಠಾಣ್‌ಕೋಟ್‌ನಲ್ಲಿ ರೈಲಿಳಿದು ಬೆಟ್ಟ ಹತ್ತಿದವರಿಗೆ ಮೊದಲು ಸಿಗುವುದು ಡಾಲ್‌ಹೌಸಿ. ಬ್ರಿಟಿಷರು 1854ರಲ್ಲಿ ಐದು ಗುಡ್ಡಗಳ ಮೇಲೆ ಕಟ್ಟಿಕೊಂಡ ಗಿರಿಧಾಮವಿದು. ಬಾಲಕ ರವೀಂದ್ರನಾಥ ಟ್ಯಾಗೋರರು 1873ರಲ್ಲಿ ತಂದೆಯೊಡನೆ ಇಲ್ಲಿನ ಬಕ್ರೋಟಾ ಗುಡ್ಡದಲ್ಲಿ ತಂಗಿದ್ದರು. ಸುಭಾಷಚಂದ್ರ ಬೋಸರು 1937ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ಬಂದಿದ್ದರು. ಇಲ್ಲಿಂದ ಕಾಲಾಟೋಪ್‌ನ ದೇವದಾರು ಕಾಡಿನ ಮಗ್ಗುಲಲ್ಲಿ ಸಾಗುವ ರಸ್ತೆ ಖಜ್ಜಿಯಾರ್ ತಲುಪುತ್ತದೆ. ಸುಮಾರು 1,900 ಮೀಟರ್ ಎತ್ತರದಲ್ಲಿ, ದಟ್ಟ ಕಾಡಿನ ನಡುವೆ ಬಟ್ಟಲಿನಂತಿರುವ ಹುಲ್ಲುಗಾವಲು ಅದು. ಸ್ವಿಟ್ಜರ್‌ಲೆಂಡಿನ ರಾಜತಾಂತ್ರಿಕರೊಬ್ಬರು 1992ರಲ್ಲಿ ಇದನ್ನು ‘ಮಿನಿ ಸ್ವಿಟ್ಜರ್‌ಲೆಂಡ್’ ಎಂದು ಕರೆದ ಮೇಲೆ ಜನಜಂಗುಳಿ ಹೆಚ್ಚಾಯಿತು. ಕುದುರೆ ಸವಾರಿಯ ಗದ್ದಲದಲ್ಲಿ ಬಹಳಷ್ಟು ಮಂದಿ ಅಂಚಿನಲ್ಲಿರುವ ಖಜ್ಜಿ ನಾಗನ ಗುಡಿಯನ್ನು ನೋಡದೆಯೇ ಹೋಗಿಬಿಡುತ್ತಾರೆ. ಆಳೆತ್ತರದ ಪಾಂಡವರ ಮರದ ಪ್ರತಿಮೆಗಳಿರುವ ಈ ಗುಡಿಗಾಗಿಯೇ ಅರ್ಧ ಗಂಟೆ ತೆಗೆದಿಡಬೇಕು.

ಚಂಬಾ ಪಟ್ಟಣ ಸುಮಾರು 1,000 ಮೀಟರ್ ಎತ್ತರದಲ್ಲಿ, ರಾವಿಯ ಬಲದಂಡೆಯ ಮೇಲಿದೆ. ರಾಜ ಸಾಹಿಲ ವರ್ಮ 10ನೇ ಶತಮಾನದಲ್ಲಿ ರಾಜಧಾನಿಯನ್ನು ಭರಮೌರ್‌ನಿಂದ ಇಲ್ಲಿಗೆ ತಂದನು. ಮಗಳು ಚಂಪಾವತಿಯ ಹೆಸರನ್ನೇ ಊರಿಗಿಟ್ಟನೆಂಬ ಪ್ರತೀತಿಯಿದೆ. ಹೊಸ ಊರಿಗೆ ನೀರು ಹರಿಯದಿದ್ದಾಗ ರಾಣಿ ಪ್ರಾಣವನ್ನೇ ಬಲಿಕೊಟ್ಟಳೆಂಬ ಕಥೆಯೂ ಇದೆ. ಕೆರೆಗೆ ಹಾರವಾದ ಭಾಗೀರಥಿಯ ಕಥೆ ಬಲ್ಲ ಕನ್ನಡಿಗರಿಗೆ ಇದು ಹೊಸದೆನಿಸದು. ಆ ರಾಣಿಯ ನೆನಪಿನ ಸೂಹಿ ಜಾತ್ರೆ ಹೆಂಗಸರು ಮತ್ತು ಮಕ್ಕಳ ಜಾತ್ರೆ.

ಪಟ್ಟಣದ ನಡುವಿನ ಲಕ್ಷ್ಮೀನಾರಾಯಣ ದೇವಾಲಯ ಸಮುಚ್ಚಯದಲ್ಲಿ ಆರು ಕಲ್ಲಿನ ಗುಡಿಗಳು ಸಾಲಾಗಿ ನಿಂತಿವೆ. ಮೂರು ವಿಷ್ಣುವಿಗೆ, ಮೂರು ಶಿವನಿಗೆ. ಎಲ್ಲವೂ ಒಂದೇ ಕಾಲದವಲ್ಲ. ರಾಧಾಕೃಷ್ಣರ ಗುಡಿಯನ್ನು ರಾಣಿ ಶಾರದಾ ಕಟ್ಟಿಸಿದ್ದು 1825ರಲ್ಲಿ. ಬಯಲುಸೀಮೆಯ ನಾಗರ ಶೈಲಿಯ ಶಿಖರವನ್ನು ಇಲ್ಲಿನ ಕುಶಲಕರ್ಮಿಗಳು ತಮ್ಮ ಹವೆಗೆ ಹೊಂದಿಸಿಕೊಂಡಿದ್ದಾರೆ. ಹಿಮ ಕೂತು ಕಲ್ಲು ಸೀಳದಿರಲೆಂದು ಶಿಖರದ ನೆತ್ತಿಗೂ ಕೊರಳಿಗೂ ಮರದ ದುಂಡು ಛತ್ರಿಗಳನ್ನು ತೊಡಿಸಿದ್ದಾರೆ.

ಊರಿನ ಹುಲ್ಲಿನ ಮೈದಾನ ಚೌಗಾನ್. ಶ್ರಾವಣದಲ್ಲಿ ಮಿಂಜರ್ ಜಾತ್ರೆ ನಡೆಯುವುದು ಇಲ್ಲೇ. ಮಿಂಜರ್ ಎಂದರೆ ಮೆಕ್ಕೆಜೋಳದ ಹೂವು. ಅದರ ನೆನಪಿಗೆ ರೇಷ್ಮೆಯ ಕುಚ್ಚನ್ನು ಎಲ್ಲರೂ ಅಂಗಿಗೆ ಸಿಕ್ಕಿಸಿಕೊಳ್ಳುತ್ತಾರೆ. ದೇವರಿಗೆ ಅರ್ಪಿಸುವ ಮೊದಲ ಮಿಂಜರನ್ನು ಪರಂಪರೆಯಿಂದ ಸಿದ್ಧಪಡಿಸಿಕೊಡುತ್ತಿರುವುದು ಊರಿನ ಒಂದು ಮುಸ್ಲಿಂ ಮನೆತನ. ಜಾತ್ರೆಯ ಕಡೆಯ ದಿನ ಮೆರವಣಿಗೆಯಲ್ಲಿ ಹೋಗಿ ಮಿಂಜರ್‌ಗಳನ್ನು ರಾವಿಗೆ ಬಿಡುತ್ತಾರೆ.

ಚೌಗಾನ್‌ಗೆ ಹತ್ತಿರದಲ್ಲೇ ಭೂರಿ ಸಿಂಗ್ ವಸ್ತುಸಂಗ್ರಹಾಲಯವಿದೆ. ರಾಜ ಭೂರಿ ಸಿಂಗ್ ತನ್ನ ಮನೆತನದ ಚಿತ್ರಸಂಗ್ರಹವನ್ನೇ ದಾನವಾಗಿ ಕೊಟ್ಟದ್ದರಿಂದ 1908ರಲ್ಲಿ ಇದು ಆರಂಭವಾಯಿತು. ಡಚ್ ವಿದ್ವಾಂಸ ಫೋಗೆಲ್ ಇಲ್ಲಿನ ಶಾಸನಗಳನ್ನು ಅಧ್ಯಯನ ಮಾಡಿ 1911ರಲ್ಲಿ ಪ್ರಕಟಿಸಿದರು. ಪಹಾಡಿ ಶೈಲಿಯ ಚಿಕಣಿ ವರ್ಣಚಿತ್ರಗಳು, ತಾಮ್ರಪಟಗಳ ಜೊತೆಗೆ ನೋಡಬೇಕಾದವು ಪನಿಹಾರ್ ಎಂಬ ಚಿಲುಮೆ ಕಲ್ಲುಗಳು. ತೀರಿಹೋದವರ ಹೆಸರಿನಲ್ಲಿ ನೀರಿನ ಚಿಲುಮೆ ಕಟ್ಟಿಸಿ, ವರುಣನನ್ನೂ ನದೀದೇವತೆಗಳನ್ನೂ ಕಡೆದ ಚಪ್ಪಡಿಯನ್ನು ಅಲ್ಲಿ ನಿಲ್ಲಿಸುವುದು ಈ ಸೀಮೆಯ ಪದ್ಧತಿಯಾಗಿತ್ತು. ಸತ್ತವರ ನೆನಪು ದಾರಿಹೋಕರ ಬಾಯಾರಿಕೆ ತಣಿಸಬೇಕೆಂಬ ಯೋಚನೆ ಎಷ್ಟು ದೊಡ್ಡದು!

ಚಂಬಾದ ಹೆಸರನ್ನು ದೂರದವರೆಗೆ ಒಯ್ದದ್ದು ಚಂಬಾ ರುಮಾಲ್. ಹೆಸರು ರುಮಾಲಾದರೂ ಇದು ಮದುವೆಯ ಉಡುಗೊರೆಗೆ, ದೇವರ ಕಾಣಿಕೆಗೆ ಮುಚ್ಚುವ ಚೌಕಾಕಾರದ ಕಸೂತಿ ವಸ್ತ್ರ. ಮೊದಲು ಚಿಕಣಿ ಚಿತ್ರಗಳ ಕಲಾವಿದ ತೆಳುವಾದ ಹತ್ತಿಬಟ್ಟೆಯ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದುಕೊಡುತ್ತಿದ್ದ. ಕೃಷ್ಣನ ರಾಸಮಂಡಲ, ಅಷ್ಟನಾಯಿಕೆಯರು, ಬೇಟೆಯ ದೃಶ್ಯಗಳು ಹೆಚ್ಚು. ಆಮೇಲೆ ಹೆಂಗಸರು ಹುರಿ ಮಾಡದ ರೇಷ್ಮೆ ಎಳೆಯಿಂದ ಅದನ್ನು ತುಂಬುತ್ತಿದ್ದರು. ‘ದೋರುಖಾ’ ಎಂಬ ಈ ಹೊಲಿಗೆಯಲ್ಲಿ ಸೂಜಿ ಬಟ್ಟೆಯ ಎರಡೂ ಮಗ್ಗುಲನ್ನು ಒಟ್ಟಿಗೆ ತುಂಬುತ್ತ ಹೋಗುತ್ತದೆ. ಎಲ್ಲಿಯೂ ಗಂಟು ಕಾಣಿಸುವಂತಿಲ್ಲ. ಹೀಗಾಗಿ ವಸ್ತ್ರವನ್ನು ಮಗುಚಿದರೂ ಅದೇ ಚಿತ್ರ, ಅದೇ ಬಣ್ಣ, ಅಷ್ಟೇ ನಯ. ಧಾರವಾಡ ಸೀಮೆಯ ಕಸೂತಿಯ ಗವಂತಿ ಹೊಲಿಗೆಯೂ ಎರಡೂ ಬದಿ ಒಂದೇ ತೆರನಾಗಿ ಮೂಡುತ್ತದೆ. ಆದರೆ ಅಲ್ಲಿ ಗೆರೆ ಎಳೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಹೊಲಿಯುತ್ತಾರೆ. ಚಂಬಾದಲ್ಲಿ ಚಿತ್ರಕಾರನ ಕೈಗೆರೆಯೇ ಆಧಾರ.

ರಾಜ ಗೋಪಾಲ್ ಸಿಂಗ್ 1883ರಲ್ಲಿ ಬ್ರಿಟಿಷರಿಗೆ ಕೊಟ್ಟ ಕುರುಕ್ಷೇತ್ರ ಯುದ್ಧದ ಕಸೂತಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ರಾಜಾಶ್ರಯ ಹೋದ ಮೇಲೆ ಗೆರೆ ಎಳೆಯುವ ಕಲಾವಿದರು ವಿರಳರಾದರು, ಬಣ್ಣ ಗಾಢವಾಯಿತು, ಕಸುಬು ಸೊರಗಿತು. ಮತ್ತೆ ಹಳೆಯ ಮಟ್ಟಕ್ಕೆ ತಂದದ್ದು ಹಳೆಯ ರುಮಾಲುಗಳನ್ನೇ ಮಾದರಿಯಾಗಿಟ್ಟುಕೊಂಡು ಹೊಸಬರಿಗೆ ಕಲಿಸಿದ ಕೆಲವರ ಛಲ. 2007ರಲ್ಲಿ ಚಂಬಾ ರುಮಾಲಿಗೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಿತು. ಚಂಬಾದ ಕಸೂತಿ ಕಲಾವಿದೆ ಲಲಿತಾ ವಕೀಲ್ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಪೇಟೆಯಲ್ಲಿ ಒಂದೇ ಮಗ್ಗುಲಿನ ಅಗ್ಗದ ನಕಲುಗಳೂ ಇವೆ. ಮಗುಚಿ ನೋಡಿ ಕೊಳ್ಳುವುದು ಕಲಾವಿದೆಯ ತಿಂಗಳುಗಟ್ಟಲೆಯ ದುಡಿಮೆಗೆ ಸಲ್ಲಿಸುವ ಮರ್ಯಾದೆ. ಕಸೂತಿ ಹಾಕಿದ ಚರ್ಮದ ಚಂಬಾ ಚಪ್ಪಲಿ, ಖಾರದ ‘ಚುಖ್’ ಮೆಣಸಿನಕಾಯಿ ಚಟ್ನಿ ಕೂಡ ಇಲ್ಲಿಂದ ಒಯ್ಯಬಹುದಾದವು.

ಚಂಬಾದಿಂದ ರಾವಿಯ ಗುಂಟ ಮೇಲಕ್ಕೆ ಸುಮಾರು 60 ಕಿಲೋಮೀಟರ್ ಹೋದರೆ ಹಳೆಯ ರಾಜಧಾನಿ ಭರಮೌರ್. ದಾರಿಯಿಂದ ಕವಲೊಡೆದು ಛತ್ರಾಡಿಗೆ ಹೋಗಿ ಶಕ್ತಿದೇವಿಯ ಮರದ ಗುಡಿ ನೋಡಬಹುದು. ಈಟಿ, ತಾವರೆ, ಗಂಟೆ, ಹಾವು ಹಿಡಿದು ನಿಂತ ಅಲ್ಲಿನ ದೇವಿಯ ನೀಳ ಹಿತ್ತಾಳೆ ವಿಗ್ರಹವನ್ನೂ ಭರಮೌರ್‌ನ ಲಕ್ಷಣಾದೇವಿ, ಗಣೇಶ, ನಂದಿಯರನ್ನೂ ಎರಕ ಹೊಯ್ದವನು ಗುಗ್ಗ ಎಂಬ ಶಿಲ್ಪಿ. ಮಾಡಿಸಿದವನು ರಾಜ ಮೇರು ವರ್ಮ. ಕಾಲ ಸುಮಾರು 7ನೇ ಶತಮಾನ. ಪೀಠದ ಬರಹಗಳಲ್ಲಿ ರಾಜನ ಜೊತೆಗೆ ಶಿಲ್ಪಿಯ ಹೆಸರೂ ಇದೆ. ಅಷ್ಟು ಹಿಂದಿನ ಶಿಲ್ಪಿಯೊಬ್ಬನ ಹೆಸರೂ ಕೆಲಸವೂ ಒಟ್ಟಿಗೆ ಉಳಿದಿರುವುದು ಭಾರತದಲ್ಲಿ ಅಪರೂಪ. ಮೇಣದಲ್ಲಿ ಮೂರ್ತಿ ಮಾಡಿ, ಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಹರಿಸಿ, ಬರಿದಾದ ಅಚ್ಚಿಗೆ ಲೋಹ ಹೊಯ್ಯುವುದು ಈ ವಿಗ್ರಹಗಳ ಎರಕದ ವಿಧಾನ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ವಿವರಿಸುವುದೂ ಇದನ್ನೇ.

ಲಕ್ಷಣಾದೇವಿಯ ಗುಡಿ ಹೊರಗಿನಿಂದ ಸ್ಲೇಟ್ ಕಲ್ಲಿನ ಮಾಡಿನ ಹಳ್ಳಿಮನೆಯೆಂದೇ ತೋರುತ್ತದೆ. ಹತ್ತಿರ ಹೋದಾಗ ಮರದ ಮುಂಭಾಗದ ತುಂಬ ಕೆತ್ತನೆ; ಬಾಗಿಲವಾಡದ ಪಟ್ಟಿಗಳಲ್ಲಿ ದೇವತೆಗಳು ಮಳೆಗಾಳಿಗೆ ಸವೆದರೂ ಗುರುತು ಸಿಗುತ್ತಾರೆ. ಒಳಗೆ ದೇವಿ ಮಹಿಷನ ತಲೆಯನ್ನು ಮೆಟ್ಟಿ, ಬಾಲ ಹಿಡಿದು ಅವನನ್ನು ಮೇಲಕ್ಕೆತ್ತಿದ್ದಾಳೆ. ಈ ಗುಡಿಯಿರುವ ಚೌರಾಸಿ ಎಂಬ ಅಂಗಳದಲ್ಲಿ 84 ಸಿದ್ಧರ ನೆನಪಿನ ಗುಡಿಗಳಿವೆ.

ಭರಮೌರ್ ಗದ್ದಿ ಜನರ ತವರು. ಕುರಿಮೇಕೆಗಳೊಂದಿಗೆ ಚಳಿಗಾಲದಲ್ಲಿ ಕಾಂಗ್ರಾ ಕಡೆಗೆ ಇಳಿದು, ಬೇಸಿಗೆಯಲ್ಲಿ ಎತ್ತರದ ಹುಲ್ಲುಗಾವಲುಗಳಿಗೆ ಏರುವುದು ಇವರ ಬದುಕು. ಉಣ್ಣೆಯ ‘ಚೋಲಾ’ ನಿಲುವಂಗಿಯ ನಡುವಿಗೆ ಕಪ್ಪು ಉಣ್ಣೆಯ ‘ಡೋರಾ’ ಹಗ್ಗವನ್ನು ಸುತ್ತಿಕೊಳ್ಳುತ್ತಾರೆ. ಇವರ ದೈವ ಶಿವ. ಅವನ ನೆಲೆ 5,653 ಮೀಟರ್ ಎತ್ತರದ ಮಣಿಮಹೇಶ್ ಕೈಲಾಸ. ಬೆಟ್ಟದ ಬುಡದಲ್ಲಿ ಸುಮಾರು 4,080 ಮೀಟರ್ ಎತ್ತರದಲ್ಲಿರುವ ಸರೋವರಕ್ಕೆ ಹಡ್ಸರ್‌ನಿಂದ 13 ಕಿಲೋಮೀಟರ್ ನಡಿಗೆ. ಜನ್ಮಾಷ್ಟಮಿಯಿಂದ ರಾಧಾಷ್ಟಮಿಯವರೆಗೆ ಯಾತ್ರೆ ನಡೆಯುತ್ತದೆ.

ಆದರೆ ಆ ದಿನಗಳಲ್ಲಿ ಮಳೆ ಇರುತ್ತದೆ, ಗುಡ್ಡ ಕುಸಿದು ರಸ್ತೆ ಮುಚ್ಚುವುದೂ ಉಂಟು. ಗುಡಿ, ಕಸುಬುಗಳನ್ನು ನೋಡಲು ಏಪ್ರಿಲ್‌ನಿಂದ ಜೂನ್, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಒಳ್ಳೆಯ ಕಾಲ. ಪಠಾಣ್‌ಕೋಟ್‌ನಿಂದ ಚಂಬಾಕ್ಕೆ ಸುಮಾರು 120 ಕಿಲೋಮೀಟರ್. ಪೀರ್ ಪಂಜಾಲ್‌ನ ಆಚೆಯ ಪಾಂಗಿ ಕಣಿವೆಗೆ ಹೋಗಬೇಕೆನ್ನುವವರು 4,400 ಮೀಟರ್‌ಗೂ ಎತ್ತರದ ಸಾಚ್ ಕಣಿವೆದಾರಿಯನ್ನು ಹಿಮ ಕರಗಿದ ಕೆಲವೇ ತಿಂಗಳಲ್ಲಿ ದಾಟಬೇಕು.