ನಿವೃತ್ತಿಯ ಹಣ, ರಿಟರ್ನ್ಸ್‌ನ ಲೆಕ್ಕ

ಅಂಬತ್ತೂರಿನ ಖಾಸಗಿ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು 2025ರ ಮಾರ್ಚ್ ಕೊನೆಗೆ ನಿವೃತ್ತನಾದೆ. ಹಾರ, ಶಾಲು, ಭಾಷಣ ಎಲ್ಲ ಮುಗಿದು ಜೂನ್‌ನಲ್ಲಿ ಫಾರಂ 16 ಕೈಗೆ ಬಂತು. ಪ್ರತಿವರ್ಷದಂತೆ ಅದರಲ್ಲಿದ್ದ ಅಂಕಿಗಳನ್ನೇ ತುಂಬಿಸಿ ರಿಟರ್ನ್ಸ್ ಸಲ್ಲಿಸಿಬಿಡೋಣ ಎಂದುಕೊಂಡಿದ್ದೆ. ಪಶ್ಚಿಮ ಮಾಂಬಲಂನ ಆಡಿಟರ್ ಒಬ್ಬರು ಅದನ್ನು ತಿರುವಿ ನೋಡಿ, "ರಜೆ ಹಣಕ್ಕೆ ಹಳೇ ಮಿತಿ ಹಾಕಿದ್ದಾರಲ್ಲ ಸಾರ್!" ಎಂದು ತಮಿಳಿನಲ್ಲಿ ಉದ್ಗರಿಸಿದರು.

ಉಳಿದಿದ್ದ 240 ದಿನಗಳ ಗಳಿಕೆ ರಜೆಗೆ ನನಗೆ ಬಂದದ್ದು 7.2 ಲಕ್ಷ ರೂಪಾಯಿ. ಅದರಲ್ಲಿ 3 ಲಕ್ಷಕ್ಕೆ ಮಾತ್ರ ವಿನಾಯಿತಿ ಕೊಟ್ಟು, ಮಿಕ್ಕ 4.2 ಲಕ್ಷಕ್ಕೆ ತೆರಿಗೆ ಹಿಡಿದಿದ್ದರು. ಖಾಸಗಿ ನೌಕರರಿಗೆ 2002ರಲ್ಲಿ ನಿಗದಿಯಾಗಿದ್ದ ಈ 3 ಲಕ್ಷದ ಮಿತಿ 2023ರ ಏಪ್ರಿಲ್ 1ರಿಂದ 25 ಲಕ್ಷಕ್ಕೆ ಏರಿದೆ. ಹಾಗೆಂದು 25 ಲಕ್ಷವೂ ಎಲ್ಲರಿಗೂ ಸಿಗುವುದಿಲ್ಲ. ಕೈಗೆ ಬಂದ ಹಣ, ಹತ್ತು ತಿಂಗಳ ಸರಾಸರಿ ಸಂಬಳ (ಮೂಲ ವೇತನ ಮತ್ತು ತುಟ್ಟಿಭತ್ಯೆ), ಸೇವೆಯ ವರ್ಷಕ್ಕೆ 30 ದಿನ ಮೀರದಂತೆ ಲೆಕ್ಕ ಹಾಕಿದ ಬಾಕಿ ರಜೆಯ ಸಂಬಳ, 25 ಲಕ್ಷ - ಈ ನಾಲ್ಕರಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೆ ವಿನಾಯಿತಿ. ನನ್ನ ಸಂಬಳ 90,000. ಹತ್ತು ತಿಂಗಳಿಗೆ 9 ಲಕ್ಷ. ಹಾಗಾಗಿ ನನ್ನ 7.2 ಲಕ್ಷಕ್ಕೂ ತೆರಿಗೆಯಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲೂ ಈ ವಿನಾಯಿತಿ ಇದೆ. ಸರ್ಕಾರಿ ನೌಕರರಿಗಂತೂ ನಿವೃತ್ತಿಯಲ್ಲಿ ಬರುವ ರಜೆ ಹಣ ಪೂರ್ತಿ ವಿನಾಯಿತಿ.

ಗ್ರಾಚ್ಯುಟಿಯ ಲೆಕ್ಕ ಸರಿಯಾಗಿತ್ತು. 90,000ವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, 30 ವರ್ಷಕ್ಕೆ 15,57,692. ಗ್ರಾಚ್ಯುಟಿ ಕಾಯ್ದೆಯಡಿ ಬರುವ ನಮ್ಮಂಥವರಿಗೆ 20 ಲಕ್ಷದವರೆಗೆ ತೆರಿಗೆಯಿಲ್ಲ.

"ತೆರಿಗೆಯಿಲ್ಲ ಅಂದಮೇಲೆ ಬರೆಯುವುದೇಕೆ?" ಎಂದು ಕೇಳಿದೆ. ಆಡಿಟರ್ ನಕ್ಕರು. ಇಡೀ ಮೊತ್ತವನ್ನು ಮೊದಲು ಒಟ್ಟು ಸಂಬಳದಲ್ಲಿ ತೋರಿಸಿ, ಆಮೇಲೆ ವಿನಾಯಿತಿಯ ಕಾಲಂನಲ್ಲಿ ಗ್ರಾಚ್ಯುಟಿ, ರಜೆ ಹಣ ಎಂದು ಬೇರೆ ಬೇರೆಯಾಗಿ ಕಳೆಯಬೇಕು. ಮುಚ್ಚಿಟ್ಟರೆ ಫಾರಂ 16ಕ್ಕೂ ನಮ್ಮ ರಿಟರ್ನ್ಸ್‌ಗೂ ತಾಳೆಯಾಗದೆ ನೋಟಿಸ್ ಬರಬಹುದು. ಕಂಪನಿಗೆ ಪತ್ರ ಬರೆದು ಫಾರಂ 16 ತಿದ್ದಿಸಿಕೊಂಡ ಮೇಲೆಯೇ ರಿಟರ್ನ್ಸ್ ಸಲ್ಲಿಸಿದೆ. ಸುಮ್ಮನಿದ್ದಿದ್ದರೆ ಲಕ್ಷಕ್ಕೂ ಮಿಕ್ಕ ಹಣ ಹೋಗುತ್ತಿತ್ತು.

ಇದನ್ನು ಕೇಳಿ ನಮ್ಮ ಪಕ್ಕದ ಮನೆಯ ಅಕ್ಕ ತಮ್ಮ ಕಾಗದ ತಂದರು. ತೀರಿಕೊಂಡ ಯಜಮಾನರ ಪಿಂಚಣಿ ಅವರಿಗೆ ಬರುತ್ತಿದೆ. ಅದನ್ನು ಸಂಬಳವೆಂದು ತೋರಿಸಿ 75,000 ಕಳೆದಿದ್ದರು. ಸ್ವಂತ ಪಿಂಚಣಿಯಾದರೆ ಹೊಸ ಪದ್ಧತಿಯಲ್ಲಿ ಅದು ಸರಿ. ಕುಟುಂಬ ಪಿಂಚಣಿ ಮಾತ್ರ 'ಇತರ ಮೂಲಗಳ ಆದಾಯ'. ಅಲ್ಲಿ ಕಳೆಯಬಹುದಾದದ್ದು ಮೂರನೇ ಒಂದು ಭಾಗ ಅಥವಾ 25,000, ಯಾವುದು ಕಡಿಮೆಯೋ ಅದು. 2025ರ ಡಿಸೆಂಬರ್ 31ರ ಒಳಗೆ ಪರಿಷ್ಕೃತ ರಿಟರ್ನ್ಸ್ ಸಲ್ಲಿಸಬಹುದಾಗಿದ್ದರಿಂದ ಅಕ್ಕನ ಲೆಕ್ಕವೂ ಸರಿಯಾಯಿತು.

ನನ್ನ ರೀಫಂಡ್ ಬಡ್ಡಿ ಸಮೇತ ಬಂದಿದೆ. ಆ ಬಡ್ಡಿಗೆ ತೆರಿಗೆಯುಂಟು, ಮುಂದಿನ ರಿಟರ್ನ್ಸ್‌ನಲ್ಲಿ ತೋರಿಸಲು ಈಗಲೇ ಬರೆದಿಟ್ಟುಕೊಂಡಿದ್ದೇನೆ.