ಹ್ಯಾಂಡಲ್ ಇಳಿಸಿದೆ, ಬೆರಳು ಜೋಮು ಹಿಡಿಯಿತು

ನಾನು ಸೈಕಲ್ಲಿನ ಹ್ಯಾಂಡಲ್ ಇಳಿಸಿದ್ದು ಒಂದು ಫೋಟೊ ಸಲುವಾಗಿ. ಸುಳ್ಳು ಯಾಕೆ ಹೇಳಲಿ?

ನಮ್ಮೂರು ಸಿರಸಂಗಿ. ಕಾಳಮ್ಮನ ಗುಡಿಯಿಂದ ಹೆಸರಾದ ಊರು. ಬಡಿಗರು, ಕಮ್ಮಾರರು, ಅಕ್ಕಸಾಲಿಗರು ಎಲ್ಲೆಲ್ಲಿಂದಲೋ ಕುಲದೇವತೆ ಎಂದು ನಡೆದುಕೊಳ್ಳಲು ಬರುತ್ತಾರೆ. ನಮ್ಮ ಅಪ್ಪನದೂ ಬಡಿಗತನವೇ. ಎರಡು ಬೇಸಿಗೆ ರಜೆ ಅಪ್ಪನ ಜೊತೆ ಬಾಗಿಲು, ಕಿಟಕಿ ಚೌಕಟ್ಟು ಉಜ್ಜಿ ಕೂಡಿಟ್ಟ ಹಣದಲ್ಲಿ ಹುಬ್ಬಳ್ಳಿಯ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ರೋಡ್ ಬೈಕ್ ಕೊಂಡೆ. ಹದಿನೆಂಟು ಸಾವಿರ ರೂಪಾಯಿ. ಅವ್ವ ಮೂರು ದಿನ ಸರಿಯಾಗಿ ಮಾತಾಡಲಿಲ್ಲ. 'ಅಷ್ಟ ರೊಕ್ಕದಾಗ ಹಳೇ ಮೋಟರ್‌ ಸೈಕಲ್ಲ ಬರ್ತಿತ್ತು' ಎಂಬುದು ಆಕೆಯ ಲೆಕ್ಕ.

ನಮ್ಮ ಭಾಗಕ್ಕೆ ಸೈಕಲ್ ರೇಸ್ ಹೊಸದಲ್ಲ. ಜಾತ್ರೆಗಳಲ್ಲಿ ಸೈಕಲ್ ಶರ್ಯತ್ತು ಇದ್ದೇ ಇರುತ್ತದೆ. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಪದಕ ತರುತ್ತಾರೆ. ಪಕ್ಕದ ರಾಮದುರ್ಗ ತಾಲ್ಲೂಕಿನ ಚಂದರಗಿಯಲ್ಲಿ ಕ್ರೀಡಾ ಶಾಲೆಯೇ ಇದೆ. ಸೈಕಲ್ ತುಳಿದೇ ರೈಲ್ವೆಯಲ್ಲಿ, ಸೇನೆಯಲ್ಲಿ ನೌಕರಿ ಹಿಡಿದವರಿದ್ದಾರೆ. ಒಂದು ಶರ್ಯತ್ತಿನಲ್ಲಿ ಅಂಥ ಹುಡುಗರು ನನ್ನ ಮುಂದೆಯೇ ಹಾದು ಹೋದಾಗ ನಾನು ನೋಡಿದ್ದು ಅವರ ಕಾಲನ್ನಲ್ಲ, ಹ್ಯಾಂಡಲ್ಲನ್ನು. ಸೀಟಿಗಿಂತ ಗೇಣುದ್ದ ಕೆಳಗೆ! ಬೆನ್ನು ಹಲಗೆಯ ಹಾಗೆ ಮಟ್ಟಸ. ನನ್ನ ಸೈಕಲ್ಲಿನ ಹ್ಯಾಂಡಲ್ಲೋ, ಹಾಲಿನ ಕ್ಯಾನ್ ಕಟ್ಟಿಕೊಂಡು ಹೋಗುವವರ ಸೈಕಲ್ಲಿನಂತೆ ಎತ್ತರಕ್ಕೆ ನಿಂತಿತ್ತು. ದೇಸಾಯರ ವಾಡೆಯ ಮುಂದೆ ನಿಲ್ಲಿಸಿ ತೆಗೆದ ಫೋಟೊಕ್ಕೆ ಗೆಳೆಯನೊಬ್ಬ 'ಮಾವಾ, ಇದಕ್ಕ ಕ್ಯಾರಿಯರ್ ಒಂದ ಕಡಿಮಿ ಐತಿ' ಎಂದು ಬರೆದ. ಅದೇ ಸಂಜೆ ಅಲೆನ್ ಕೀ ಹಿಡಿದು ಕೂತೆ.

ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ಈಗಿನ ರೋಡ್ ಬೈಕಿನಲ್ಲಿ ಮುಂದಿನ ಫೋರ್ಕಿನ ಕೊಳವೆ ಫ್ರೇಮಿನ ಒಳಗಿಂದ ಮೇಲಕ್ಕೆ ಚಾಚಿರುತ್ತದೆ. ಅದನ್ನು ಹಿಡಿದು, ಹ್ಯಾಂಡಲ್ಲನ್ನು ಮುಂದಕ್ಕೆ ಚಾಚುವ ತುಂಡಿನ ಹೆಸರು ಸ್ಟೆಮ್. ಸ್ಟೆಮ್ಮಿನ ಕೆಳಗೆ ಬಳೆಯಂಥ ಉಂಗುರಗಳನ್ನು ಪೇರಿಸಿರುತ್ತಾರೆ. ಅವೇ ಸ್ಪೇಸರ್‌ಗಳು. ನನ್ನದರಲ್ಲಿ 10 ಮಿ.ಮೀ. ದಪ್ಪದವು ಎರಡು, 5 ಮಿ.ಮೀ.ಯವು ಎರಡು, ಒಟ್ಟು 3 ಸೆಂ.ಮೀ. ಇದ್ದವು. ಕೆಳಗಿನ ಉಂಗುರ ತೆಗೆದು ಸ್ಟೆಮ್ಮಿನ ಮೇಲೆ ಹಾಕಿದರೆ ಹ್ಯಾಂಡಲ್ ಅಷ್ಟೇ ಇಳಿಯುತ್ತದೆ. ಕೊಳವೆ ಓರೆಯಾಗಿರುವುದರಿಂದ ಪ್ರತಿ 1 ಸೆಂ.ಮೀ. ಇಳಿತಕ್ಕೆ ಸುಮಾರು 3 ಮಿ.ಮೀ. ಮುಂದಕ್ಕೂ ಹೋಗುತ್ತದೆ. ಇದಲ್ಲದೆ ಸ್ಟೆಮ್ಮನ್ನೇ ಬುಡಮೇಲು ಮಾಡಿ ಹಾಕಬಹುದು. 10 ಸೆಂ.ಮೀ. ಉದ್ದದ, 6 ಡಿಗ್ರಿ ಕೋನದ ಸ್ಟೆಮ್ ತಿರುವಿದರೆ ಮತ್ತೆ 2 ಸೆಂ.ಮೀ.ನಷ್ಟು ಕೆಳಗೆ.

ನಾನು ಎರಡನ್ನೂ ಮಾಡಿದೆ. ಒಂದೇ ಸಂಜೆಗೆ 5 ಸೆಂ.ಮೀ. ಕೆಳಗೆ!

ಈಗ ಇನ್ನೊಂದು ಸಮಸ್ಯೆ. ತೆಗೆದ ಉಂಗುರಗಳೆಲ್ಲ ಸ್ಟೆಮ್ಮಿನ ಮೇಲೆ ಚಿಮಣಿಯಂತೆ ನಿಂತು ಅಸಹ್ಯ ಕಾಣುತ್ತಿದ್ದವು. ರೇಸಿನವರ ಸೈಕಲ್ಲಿನಲ್ಲಿ ಅದು ಇರುವುದಿಲ್ಲ, ಹೆಚ್ಚಿನ ಕೊಳವೆಯನ್ನು ಕೊಯ್ದಿರುತ್ತಾರೆ. ಅಪ್ಪನ ಸಾಮಾನಿನ ಪೆಟ್ಟಿಗೆಯಿಂದ ಕಬ್ಬಿಣ ಕೊಯ್ಯುವ ಗರಗಸ ತೆಗೆದೆ. ಅಪ್ಪ ನೋಡಿದರು.

'ಏನ್ ಕೊಯ್ಯಾಕತ್ತೀ ತಮ್ಮಾ?'

ಹೇಳಿದೆ.

'ಹಿಂಗ ಇಳಿಸಿ ಎಷ್ಟ ದಿನಾ ಹೊಡದಿ?'

'ಈಗ ಇಳಿಸೇನಿ.'

'ಹಂಗಾರ ಗರಗಸ ಇದ್ದಲ್ಲೇ ಇಡು. ಕಟ್ಟಿಗಿ ಆಗ್ಲಿ ಕಬ್ಬಿಣ ಆಗ್ಲಿ, ಕೊಯ್ದ ಮ್ಯಾಲ ಜೋಡಸಾಕ ಬರೂದಿಲ್ಲ. ಒಂದ ತಿಂಗಳ ಹೊಡದ ಬಾ.'

ಸಿಟ್ಟು ಬಂತು. ಆದರೆ ಗರಗಸ ಅವರದ್ದು.

ಮೊದಲ ಮೂರು ದಿನ ಸ್ವರ್ಗ. ಮುನವಳ್ಳಿ ಕಡೆಗೆ ಬೆಳಗಿನ ಎದುರುಗಾಳಿಯಲ್ಲಿ ಹೊರಟರೆ ನಿಜವಾಗಿಯೂ ಹಗುರ ಅನ್ನಿಸುತ್ತಿತ್ತು. ಅದರಲ್ಲಿ ಸತ್ಯಾಂಶವೂ ಇದೆ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ದಾಟಿದ ಮೇಲೆ ನಮ್ಮ ಶಕ್ತಿಯ ಬಹುಪಾಲು ಹೋಗುವುದು ಗಾಳಿಯನ್ನು ಸೀಳುವುದಕ್ಕೇ. ವೇಗ ಎರಡು ಪಟ್ಟಾದರೆ ಗಾಳಿಗೆ ಕೊಡಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಹಾಗಾಗಿ ಎದೆ ತಗ್ಗಿಸಿದವನಿಗೆ ಲಾಭ ಇದ್ದೇ ಇದೆ.

ನಾಲ್ಕನೇ ದಿನ ಭಾನುವಾರ. ಸವದತ್ತಿಗೆ ಹೋಗಿ ಯಲ್ಲಮ್ಮನ ಗುಡ್ಡ ಹತ್ತಿ ಇಳಿದು ಬಂದೆ. ಇಳಿಜಾರಿನಲ್ಲಿ ಪೂರ್ತಿ ಭಾರ ಅಂಗೈ ಮೇಲೆ. ಮನೆಗೆ ಬಂದು ನೀರಿನ ತಂಬಿಗೆ ಹಿಡಿದರೆ ಬಲಗೈಯ ಕಿರುಬೆರಳು, ಉಂಗುರದ ಬೆರಳು ನನ್ನವಲ್ಲ ಅನ್ನಿಸಿತು. ಜೋಮು. ಮಲಗಿದರೆ ಹೋದೀತು ಎಂದುಕೊಂಡೆ. ಹೋಗಲಿಲ್ಲ. ಬುಧವಾರ ಕೊನೆಯ ಸೆಮಿಸ್ಟರಿನ ಮೊದಲ ಪೇಪರ್, ಮೂರು ತಾಸಿನ ಬರವಣಿಗೆ.

ಬರೆಯುವುದು ಹೆಬ್ಬೆರಳು, ತೋರುಬೆರಳು, ನಡುಬೆರಳಿನಿಂದ ತಾನೇ ಎಂದು ನಾನೂ ನಂಬಿದ್ದೆ. ಪೇಪರಿನ ಮೇಲೆ ಕೈಗೆ ಆಧಾರ ಕೊಟ್ಟು ಸಾಲಿನುದ್ದಕ್ಕೂ ಸರಿಸುವುದು ಕಿರುಬೆರಳ ಕಡೆಯ ಅಂಚು ಎಂದು ಗೊತ್ತಾಗಿದ್ದು ಆ ಪರೀಕ್ಷಾ ಕೊಠಡಿಯಲ್ಲಿ. ಅಕ್ಷರ ಸಾಲು ಬಿಟ್ಟು ಮೇಲೆ ಕೆಳಗೆ ಹರಿದವು. ಒಂದೂವರೆ ತಾಸಿಗೆ ಪೆನ್ನು ಜಾರತೊಡಗಿತು. ಕೊನೆಯ ಹತ್ತು ಅಂಕದ ಪ್ರಶ್ನೆ, ಅದೂ ಬಾಯಿಪಾಠ ಬರುವ ಪ್ರಶ್ನೆ, ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಪದವಿಯ ಶೇಕಡಾವಾರು ನೋಡಿಯೇ ಅರ್ಜಿ ಪಕ್ಕಕ್ಕಿಡುವ ಕಾಲದಲ್ಲಿ ಆ ಅಂಕಗಳು ಹೋದವೆಂದರೆ ಹೋದವೇ. ಮನೆಯಲ್ಲಿ 'ಪೇಪರ್ ಟಫ್ ಇತ್ತು' ಎಂದಿದ್ದೆ. ಅಪ್ಪ ಇದನ್ನು ಪತ್ರಿಕೆಯಲ್ಲಿ ಓದುತ್ತಾರೆ, ಓದಲಿ.

ವೈದ್ಯರು ಅಂಗೈಯ ಬುಡ ಒತ್ತಿ ನೋಡಿ, 'ಸೈಕಲ್ ಹೊಡೀತೀ ಏನು?' ಎಂದೇ ಕೇಳಿದರು. ಮಣಿಕಟ್ಟಿನ ಕಿರುಬೆರಳ ಬದಿಯಲ್ಲಿ ಅಲ್ನಾರ್ ಎಂಬ ನರ ಹಾದು ಹೋಗುತ್ತದೆ. ಕಿರುಬೆರಳಿಗೂ ಉಂಗುರದ ಬೆರಳಿನ ಅರ್ಧಕ್ಕೂ ಸ್ಪರ್ಶ ಬರುವುದು ಅದರಿಂದ. ದೇಹದ ಭಾರ ತಾಸುಗಟ್ಟಲೆ ಅದರ ಮೇಲೆ ಬಿದ್ದರೆ ನರ ಮಂಕಾಗುತ್ತದೆ. ಸೈಕಲ್ ತುಳಿಯುವವರಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ವೈದ್ಯಕೀಯದಲ್ಲಿ ಇದಕ್ಕೆ 'ಸೈಕ್ಲಿಸ್ಟ್ಸ್ ಪಾಲ್ಸಿ' ಎಂದೇ ಹೆಸರು. ನನ್ನದು ಸರಿಹೋಗಲು ಮೂರು ವಾರ ಹಿಡಿಯಿತು. ಉಳಿದ ಪೇಪರ್‌ಗಳನ್ನು ಹೇಗೋ ಬರೆದೆ.

ರಜೆಯಲ್ಲಿ ಕೂತು ಯೋಚಿಸಿದಾಗ ಒಂದು ಪ್ರಶ್ನೆ ಕಾಡಿತು. ಆ ಶರ್ಯತ್ತಿನ ಹುಡುಗರಿಗೆ ಯಾಕೆ ಜೋಮು ಹಿಡಿಯುವುದಿಲ್ಲ? ಧಾರವಾಡದಲ್ಲಿ ಸೈಕಲ್ ರಿಪೇರಿ ಮಾಡುವ ಕಾಕಾ ಒಬ್ಬರನ್ನು ಕೇಳಿದೆ. ಅವರು ನನ್ನನ್ನು ನಿಲ್ಲಿಸಿ, ಮೊಣಕಾಲು ಮಡಚದೆ ಕಾಲ್ಬೆರಳು ಮುಟ್ಟು ಎಂದರು. ನನ್ನ ಕೈ ಮೊಣಕಾಲಿನ ಕೆಳಗೆ ನಾಲ್ಕು ಬೆರಳಿನಷ್ಟು ಹೋಗಿ ನಿಂತಿತು. 'ಅವ್ರು ಸೊಂಟದಾಗ ಬಾಗ್ತಾರ. ನೀ ಬೆನ್ನ ಗೂನ ಮಾಡಿ ಕೈಮ್ಯಾಲ ಬೀಳ್ತಿ' ಎಂದರು. ವರ್ಷಗಟ್ಟಲೆ ತುಳಿದು ಹೊಟ್ಟೆ, ಬೆನ್ನಿನ ಸ್ನಾಯು ಗಟ್ಟಿಯಾದವನ ಮೇಲ್ಭಾಗವನ್ನು ಆ ಸ್ನಾಯುಗಳೇ ಹೊರುತ್ತವೆ. ಪರೀಕ್ಷೆಗೆಂದು ದಿನಕ್ಕೆ ಎಂಟು ತಾಸು ಕುರ್ಚಿಯಲ್ಲಿ ಕೂರುವ ನಮ್ಮಂಥವರ ಭಾರವನ್ನು ಹ್ಯಾಂಡಲ್ಲೇ ಹೊರಬೇಕು.

ಕಾಕಾ ಇನ್ನೊಂದು ಪ್ರಶ್ನೆ ಕೇಳಿದರು. 'ಕೆಳಗಿನ ಬಾಗು ಹಿಡದ ಎಷ್ಟ ಹೊತ್ತ ಹೊಡೀತಿ?' ಡ್ರಾಪ್ ಹ್ಯಾಂಡಲ್ಲಿನ ಆ ಬಾಗಿದ ಭಾಗವನ್ನು ನಾನು ಹಿಡಿದೇ ಇರಲಿಲ್ಲ! ಅದು ಮೇಲಿನ ಪಟ್ಟಿಗಿಂತ ಸಾಮಾನ್ಯವಾಗಿ 12–13 ಸೆಂ.ಮೀ. ಕೆಳಗಿರುತ್ತದೆ. ಒಂದು ನಟ್ಟೂ ಬಿಚ್ಚದೆ ಸಿಗುವ ಇಳಿತ ಅದು. ಅಲ್ಲಿ ಮೊಣಕೈ ಸ್ವಲ್ಪ ಮಡಚಿ ಹತ್ತು ನಿಮಿಷ ಆರಾಮಾಗಿ ತುಳಿಯಲು ಬಾರದವನು ಹ್ಯಾಂಡಲ್ ಇಳಿಸುವ ಮಾತೇ ಆಡಬಾರದು ಎಂದರು. ನನ್ನ ಪ್ರಕಾರ ಈ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಗ್ರೇಮ್ ಒಬ್ರೀ ಎಂಬ ಸ್ಕಾಟ್ಲೆಂಡಿನ ಸೈಕ್ಲಿಸ್ಟನ ಕಥೆ ಗೊತ್ತಾಗಿದ್ದೂ ಅದೇ ರಜೆಯಲ್ಲಿ. ತಾನೇ ಕಟ್ಟಿದ ಸೈಕಲ್ಲಿಗೆ ವಾಷಿಂಗ್ ಮಷಿನ್ನಿನ ಬೇರಿಂಗ್ ಹಾಕಿದ್ದ ಆಸಾಮಿ. 1993ರ ಜುಲೈನಲ್ಲಿ ನಾರ್ವೆಯ ಹಾಮಾರ್‌ನಲ್ಲಿ ಒಂದು ತಾಸಿನಲ್ಲಿ 51.596 ಕಿ.ಮೀ. ತುಳಿದು ವಿಶ್ವ ದಾಖಲೆ ಮಾಡಿದ. ಅವನ ಹ್ಯಾಂಡಲ್ ಎದೆಗೆ ಹತ್ತಿರವೇ ಇತ್ತು. ಕೈಗಳನ್ನು ಎದೆಯಡಿ ಮಡಚಿಟ್ಟು ಅದರ ಮೇಲೆ ಬಾಗುತ್ತಿದ್ದ. ಮರುವರ್ಷ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಆ ಭಂಗಿಯನ್ನೇ ನಿಷೇಧಿಸಿತು, ಅದು ಬೇರೆ ಮಾತು. ಗಾಳಿ ಲೆಕ್ಕ ಹಿಡಿಯುವುದು ದೇಹದ ಆಕಾರವನ್ನು. ಹ್ಯಾಂಡಲ್ ಎಷ್ಟು ಕೆಳಗಿದೆ ಎಂದು ನೋಡುವವರು ಫೋಟೊ ನೋಡುವ ನಾವಷ್ಟೇ.

ಎಲ್ಲ ಉಂಗುರಗಳನ್ನೂ ಕೆಳಗೆ ಹಾಕಿ ಮತ್ತೆ ಮೊದಲಿನಿಂದ ಶುರುಮಾಡಿದೆ. ಈ ಸಲ ಟೇಪ್ ಅಪ್ಪನ ಕೈಯಲ್ಲಿ. ನೆಲದಿಂದ ಸೀಟಿನ ಮೇಲ್ಭಾಗ 97 ಸೆಂ.ಮೀ., ಹ್ಯಾಂಡಲ್ 96. ಗೋಡೆಯ ಮೇಲೆ ಪೆನ್ಸಿಲಿನಿಂದ ಬರೆದಿಟ್ಟರು. ಸೀಟಿನ ಎತ್ತರ ಸರಿಯಿಲ್ಲದೆ ಹ್ಯಾಂಡಲ್ ಮುಟ್ಟಬೇಡಿ, ಎಲ್ಲ ಲೆಕ್ಕವೂ ಅದರಿಂದಲೇ. ಒಂದು ಸಲಕ್ಕೆ 5 ಮಿ.ಮೀ., ಮೂರು ವಾರ ತುಳಿಯುವುದು, ಕತ್ತು, ಬೆರಳು, ಸೊಂಟ ಏನೂ ಗೊಣಗದಿದ್ದರೆ ಇನ್ನೊಂದು 5 ಮಿ.ಮೀ.

ಕೆಲಸ ಕಷ್ಟದ್ದಲ್ಲ, ಆದರೆ ಕ್ರಮ ತಪ್ಪಬಾರದು. ಮೊದಲು ಮೇಲಿನ ಮುಚ್ಚಳದ ಬೋಲ್ಟ್ ತೆಗೆದು, ಆಮೇಲೆ ಸ್ಟೆಮ್ಮಿನ ಪಕ್ಕದ ಎರಡು ಬೋಲ್ಟ್ ಸಡಿಲಿಸಬೇಕು. ಆಗ ಸೈಕಲ್ ಎತ್ತಿದರೆ ಫೋರ್ಕು ಕೆಳಗೆ ಜಾರಿ ಬೀಳುತ್ತದೆ, ಹುಷಾರು. ಮರಳಿ ಕೂಡಿಸುವಾಗ ಮೊದಲು ಮೇಲಿನ ಬೋಲ್ಟ್. ಅದು ಸ್ಟೆಮ್ ಹಿಡಿಯುವ ಬೋಲ್ಟ್ ಅಲ್ಲ, ಬೇರಿಂಗ್ ಆಟವಾಡದಂತೆ ಒತ್ತುವುದಷ್ಟೇ ಅದರ ಕೆಲಸ. ಜೋರಾಗಿ ತಿರುವಿದರೆ ಹ್ಯಾಂಡಲ್ ಬಿಗಿಯುತ್ತದೆ. ಮುಂದಿನ ಬ್ರೇಕ್ ಹಿಡಿದು ಹಿಂದೆ ಮುಂದೆ ಅಲುಗಿಸಿ ನೋಡಿ. ಟಕ್ ಟಕ್ ಎನ್ನಬಾರದು. ಆಮೇಲೆ ಹ್ಯಾಂಡಲ್ಲನ್ನು ಗಾಲಿಗೆ ನೇರ ಮಾಡಿ ಪಕ್ಕದ ಬೋಲ್ಟ್‌ಗಳನ್ನು ಒಂದಾದ ಮೇಲೊಂದರಂತೆ ಬಿಗಿಯಬೇಕು. ಎಷ್ಟು ಎಂಬುದನ್ನು ಸ್ಟೆಮ್ಮಿನ ಮೇಲೆಯೇ ಬರೆದಿರುತ್ತಾರೆ, ಹೆಚ್ಚಾಗಿ 5 ನ್ಯೂಟನ್ ಮೀಟರ್. ಕಾರ್ಬನ್ ಕೊಳವೆ ಇದ್ದವರು ಟಾರ್ಕ್ ರೆಂಚ್ ಇರುವ ಅಂಗಡಿಗೇ ಹೋಗುವುದು ಲೇಸು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇನ್ನೊಂದು ನೋಡಿಕೊಳ್ಳಿ. ಸ್ಟೆಮ್ಮಿನ ಕೆಳಗೂ ಮೇಲೂ ಒಂದೂ ಉಂಗುರ ಇಲ್ಲದಿದ್ದರೆ ಹಳೆಯ ಮಾಲೀಕ ಕೊಳವೆ ಕೊಯ್ದಿದ್ದಾನೆ ಎಂದೇ ಅರ್ಥ. ಆ ಸೈಕಲ್ ಚೆಂದ ಕಾಣುತ್ತದೆ, ಆದರೆ ನಿಮ್ಮ ಬೆನ್ನಿಗೆ ಹೊಂದದಿದ್ದರೆ ಉಂಗುರ ಸೇರಿಸಿ ಏರಿಸಲು ಜಾಗವೇ ಇರುವುದಿಲ್ಲ. ನನಗೆ ಹುಬ್ಬಳ್ಳಿಯವರು ಕೊಯ್ಯದೆ ಕೊಟ್ಟಿದ್ದರಿಂದಲೇ ನಾನು ಹಿಂದಕ್ಕೆ ಬರಲು ಸಾಧ್ಯವಾಯಿತು.

ನಾಲ್ಕು ತಿಂಗಳು ಕಳೆದಿವೆ. ನನ್ನ ಹ್ಯಾಂಡಲ್ ಈಗ 94 ಸೆಂ.ಮೀ.ನಲ್ಲಿದೆ, ಸೀಟಿಗಿಂತ 3 ಸೆಂ.ಮೀ. ಕೆಳಗೆ. ಸ್ಟೆಮ್ ತಿರುವಿಲ್ಲ. ಕೆಳಗೆ 10 ಮಿ.ಮೀ. ಉಂಗುರ ಒಂದು ಉಳಿದಿದೆ, ಮೇಲೆ 2 ಸೆಂ.ಮೀ. ಚಿಮಣಿ ಹಾಗೇ ಇದೆ. ಯುಗಾದಿ ಹೊತ್ತಿಗೆ ಕಾಳಮ್ಮನ ಜಾತ್ರೆಗೆ ಬಂದ ಅದೇ ಗೆಳೆಯ ಸೈಕಲ್ ನೋಡಿ, 'ಈಗ ಬರೋಬ್ಬರಿ ಕಾಣ್ತೈತಿ ನೋಡ್ ಮಾವಾ' ಎಂದ. ಚಿಮಣಿ ಅವನ ಕಣ್ಣಿಗೆ ಬಿದ್ದಂತಿಲ್ಲ.

ಮೊನ್ನೆ ಅಪ್ಪನೇ ಕೇಳಿದರು, 'ಗರಗಸ ಬೇಕೇನ?' ಇನ್ನೊಂದು ತಿಂಗಳು ಬಿಟ್ಟು ಹೇಳುತ್ತೇನೆ ಎಂದಿದ್ದೇನೆ.