ಉಪ್ಪಿನ ಹಾದಿ: ಕಡಲಿನಿಂದ ಎಲೆಯ ತುದಿಗೆ

ಮುಂಬಯಿಯ ಮಾಟುಂಗ ಸ್ಟೇಷನ್ನಿನ ಬಳಿ ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಅಲ್ಲಿ ಉಣ್ಣುವ ಕನ್ನಡಿಗರ ಬಾಳೆಲೆ ಊಟದಲ್ಲಿ ಪದಾರ್ಥದ ಮೂರೂ ಸ್ಥಿತಿಗಳಿವೆ. ಅನ್ನ ಘನ, ಮಜ್ಜಿಗೆ ದ್ರವ, ಬಿಸಿ ಅನ್ನದಿಂದ ಏಳುವ ಆವಿ ಅನಿಲ. ಎಲೆಯ ತುದಿಗೆ ಬಡಿಸುವ ಚಿಟಿಕೆ ಉಪ್ಪಿನ ಹಾದಿ ಹಿಡಿದು ಹೋದರೆ ಈ ಮೂರನ್ನೂ ಅರಿಯಬಹುದು.

ಉಪ್ಪು ಘನವೋ, ದ್ರವವೋ?

ಘನವಸ್ತುವಿಗೆ ತನ್ನದೇ ಆಕಾರವಿದೆ. ದ್ರವಕ್ಕೆ ಪಾತ್ರೆಯ ಆಕಾರ. ಅನಿಲವಾದರೋ ಸಿಕ್ಕಷ್ಟು ಜಾಗವನ್ನೆಲ್ಲ ತುಂಬಿಕೊಳ್ಳುತ್ತದೆ. ಹಾಗಾದರೆ ಡಬ್ಬಿಗೆ ಸುರಿದ ಪುಡಿ ಉಪ್ಪು ಡಬ್ಬಿಯ ಆಕಾರ ತಾಳುತ್ತದಲ್ಲ, ಅದು ದ್ರವವೇ? ಭೂತಗನ್ನಡಿಯಲ್ಲಿ ನೋಡಿ. ಒಂದೊಂದು ಹರಳೂ ಪುಟ್ಟ ಪೆಟ್ಟಿಗೆಯಂತೆ ಚೌಕಾಕಾರ. ಡಬ್ಬಿ ಬದಲಾದರೂ ಹರಳಿನ ಆಕಾರ ಬದಲಾಗದು. ಆದ್ದರಿಂದ ಉಪ್ಪು ಘನವೇ.

ಕರಗುವುದರಲ್ಲೂ ಎರಡು ಬಗೆ

ನಮ್ಮ ಮಾತಿನಲ್ಲಿ ಬೆಣ್ಣೆಯೂ ಕರಗುತ್ತದೆ, ಉಪ್ಪೂ ಕರಗುತ್ತದೆ. ವಿಜ್ಞಾನಕ್ಕೆ ಇವೆರಡೂ ಬೇರೆ ಬೇರೆ. ಬೆಣ್ಣೆ ಕಾವಿಗೆ ಕರಗಿ ತಾನೇ ದ್ರವವಾಗುತ್ತದೆ. ಉಪ್ಪಿನ ಕಣಗಳು ಬಿಡಿಬಿಡಿಯಾಗಿ ನೀರಿನ ಕಣಗಳ ನಡುವೆ ಸೇರಿಕೊಳ್ಳುತ್ತವೆ, ಅಷ್ಟೆ. ಬೆಣ್ಣೆಯಂತೆ ಉಪ್ಪೂ ತಾನೇ ದ್ರವವಾಗಬೇಕಾದರೆ ಸುಮಾರು 800 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಅಡುಗೆಮನೆಯಲ್ಲಿ ಅದು ಆಗದ ಮಾತು.

ಆಗರದಲ್ಲಿ ಬಿಸಿಲಿನ ಕೆಲಸ

ಮುಂಬಯಿಯ ಮುಲುಂಡ್, ಭಾಂಡುಪ್, ಕಾಂಜುರ್‌ಮಾರ್ಗ್‌ಗಳ ಪೂರ್ವಕ್ಕೆ, ಥಾಣೆ ಖಾಡಿಯ ಅಂಚಿನಲ್ಲಿ ತಲೆಮಾರುಗಳಿಂದ ಉಪ್ಪು ಬೆಳೆದ ಬಯಲುಗಳಿವೆ. ಮರಾಠಿಯಲ್ಲಿ ಇವಕ್ಕೆ 'ಮಿಠಾಗರ್' ಎಂದು ಹೆಸರು. ಗೋಕರ್ಣದ ಬಳಿ ಸಾಣಿಕಟ್ಟೆಯ ಉಪ್ಪಿನ ಗದ್ದೆಗೂ ನಾವು 'ಆಗರ' ಎಂದೇ ಹೇಳುತ್ತೇವೆ. ಎರಡು ಭಾಷೆಗೂ ಒಂದೇ ಪದ, ಎರಡು ಊರಿಗೂ ಒಂದೇ ಕಸುಬು.

ಮಳೆಗಾಲ ಮುಗಿದ ಮೇಲೆ ಮಡಿಗಳನ್ನು ಸರಿಪಡಿಸುತ್ತಾರೆ. ಉಬ್ಬರದ ನೀರನ್ನು ಒಳಗೆ ಬಿಟ್ಟು ಕಟ್ಟಿ ನಿಲ್ಲಿಸುತ್ತಾರೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಬಿಸಿಲಿಗೂ ಗಾಳಿಗೂ ನೀರು ಕುದಿಯದೆಯೇ ಆವಿಯಾಗುತ್ತ ಹೋಗುತ್ತದೆ. ಒಂದು ಮಡಿಯಿಂದ ಇನ್ನೊಂದಕ್ಕೆ ಹರಿದಂತೆ ಅದು ಗಟ್ಟಿ ಉಪ್ಪುನೀರಾಗುತ್ತದೆ. ಮೊದಲು ಜಿಪ್ಸಮ್ ತಳಕ್ಕಿಳಿಯುತ್ತದೆ, ಆಮೇಲೆ ಉಪ್ಪು ಹರಳುಗಟ್ಟುತ್ತದೆ. ಕೊನೆಗೆ ಉಳಿಯುವುದು ಮೆಗ್ನೀಸಿಯಂ ತುಂಬಿದ ಕಹಿ ನೀರು. ಅದು ಪೂರ್ತಿ ಒಣಗುವ ಮೊದಲೇ ಉಪ್ಪನ್ನು ಎಳೆದು ರಾಶಿ ಹಾಕಬೇಕು. ಆ ಹೊತ್ತು ಯಾವಾಗ ಬಂತೆಂದು ಬಲ್ಲವರು ಬಿಸಿಲಲ್ಲಿ ಬರಿಗಾಲಲ್ಲಿ ನಿಂತು ದುಡಿಯುವ ಆಗರದ ಕೆಲಸಗಾರರು.

ನೈಸರ್ಗಿಕ, ಸಂಸ್ಕರಿತ

ಕಡಲ ನೀರು ನೈಸರ್ಗಿಕ. ಆಗರದ ಹರಳುಪ್ಪಿಗೆ ಮನುಷ್ಯನ ಕೈ ತಾಗಿದೆ, ಆದರೂ ಹೆಚ್ಚಿನ ಕೆಲಸ ಬಿಸಿಲಿನದೇ. ಅಂಗಡಿಯ ಪ್ಯಾಕೆಟ್ ಉಪ್ಪನ್ನು ತೊಳೆದು, ಒಣಗಿಸಿ, ಪುಡಿಮಾಡಿ, ಅಯೋಡಿನ್ ಇರುವ ಲವಣ ಬೆರೆಸುತ್ತಾರೆ. ಅದು ಸಂಸ್ಕರಿತ ವಸ್ತು. ಅಯೋಡಿನ್ ಸಾಲದಿದ್ದರೆ ಗಳಗಂಡ ರೋಗ ಬರುತ್ತದೆ. ಅದನ್ನು ತಡೆಯಲು ಭಾರತ ಸರ್ಕಾರ 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವನ್ನೇ ಆರಂಭಿಸಿತು. ಹೀಗಾಗಿ ಸಂಸ್ಕರಿತ ಎಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಏನು ಸೇರಿಸಿದರು, ಏಕೆ ಸೇರಿಸಿದರು ಎಂದು ಕೇಳಬೇಕು.

ಇನ್ನು ಆ ಪ್ಲಾಸ್ಟಿಕ್ ಪ್ಯಾಕೆಟ್? ಅದರ ಮೂಲ ನೆಲದಡಿಯ ಕಚ್ಚಾ ತೈಲ ಮತ್ತು ಅನಿಲ. ಮುಂಬಯಿಯ ಟ್ರಾಂಬೆಯ ಬಳಿ 1950ರ ದಶಕದಿಂದಲೂ ಕಚ್ಚಾ ತೈಲವನ್ನು ಶುದ್ಧೀಕರಿಸುತ್ತಿದ್ದಾರೆ. ಅಡುಗೆ ಅನಿಲವೂ ಅಲ್ಲಿ ಸಿಗುವ ಉತ್ಪನ್ನ. ಸಿಲಿಂಡರಿನಲ್ಲಿ ಒತ್ತಡಕ್ಕೆ ಸಿಲುಕಿ ದ್ರವವಾಗಿರುವ ಅದು ಒಲೆಗೆ ಬರುವಾಗ ಅನಿಲವಾಗುತ್ತದೆ. ಸ್ಥಿತಿ ಬದಲಿಸಲು ಕಾವೊಂದೇ ಅಲ್ಲ, ಒತ್ತಡವೂ ಸಾಕು.

ಮಾಡಿ ನೋಡಿ

ಅರ್ಧ ಲೋಟ ನೀರಿಗೆ ಎರಡು ಚಮಚ ಉಪ್ಪು ಹಾಕಿ ಕಲಕಿ. ಅದನ್ನು ಅಗಲವಾದ ಕಪ್ಪು ತಟ್ಟೆಗೆ ಸುರಿದು ಬಿಸಿಲು ಬೀಳುವ ಕಿಟಕಿಯ ಬಳಿ ಇಡಿ. ದಿನಕ್ಕೊಮ್ಮೆ ನೋಡಿ ಬರೆದಿಡಿ. ಮೊದಲು ಅಂಚಿನಲ್ಲಿ ಬಿಳಿ ಗೆರೆ, ಆಮೇಲೆ ಹರಳುಗಳು ಕಾಣುತ್ತವೆ. ಇದನ್ನೇ ಜೂನ್, ಜುಲೈ ತಿಂಗಳ ಮಳೆಯಲ್ಲಿ ಮತ್ತೆ ಮಾಡಿ. ಹಸಿಗಾಳಿಯಲ್ಲಿ ತಟ್ಟೆ ಬೇಗ ಒಣಗುವುದಿಲ್ಲ. ಮಳೆಗಾಲದಲ್ಲಿ ಆಗರದ ಕೆಲಸ ಏಕೆ ನಿಲ್ಲುತ್ತದೆ ಎಂಬುದಕ್ಕೆ ನಿಮ್ಮ ತಟ್ಟೆಯೇ ಉತ್ತರ ಹೇಳುತ್ತದೆ.